ಡಿಸ್ಕ್ ಬೇಡ, ಇರುವ ಡ್ರಮ್ಮನ್ನೇ ಸರಿಮಾಡಿ: ಸಾವಿರ ರೂಪಾಯಿಯೊಳಗೆ ಬೈಕಿನ ಬ್ರೇಕ್

ಕಳೆದ ಜುಲೈಯ ಒಂದು ಬೆಳಿಗ್ಗೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಚೆರ್ಕಳದ ಕಡೆಗೆ ಬರುತ್ತಿದ್ದೆ. ಎಡನೀರಿನ ಹತ್ತಿರ ಮುಂದಿದ್ದ ಬಸ್ಸು ಸ್ಟಾಪ್ ಇಲ್ಲದ ಕಡೆ ಗಕ್ಕನೆ ನಿಂತಿತು. ಮುಂದಿನ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುವವರೆಗೂ ಒತ್ತಿದೆ. ಬೈಕ್ ನಿಧಾನವಾಯಿತು, ನಿಲ್ಲಲಿಲ್ಲ. ಬಸ್ಸಿನ ಎಡಕ್ಕೆ, ಚರಂಡಿ ಬದಿಯ ಹುಲ್ಲಿಗೆ ನುಗ್ಗಿಸಿ ಬಚಾವಾದೆ. ಪ್ಯಾಂಟೆಲ್ಲ ಕೆಸರು.

ಸಂಜೆ ಗ್ಯಾರೇಜಿಗೆ ಹೋದರೆ, "ಮಾಷ್ಟ್ರೇ, ಈ ಡ್ರಮ್ ಬ್ರೇಕ್ ನಮ್ಮೂರ ಮಳೆಗೆ ಆಗುವುದಿಲ್ಲ. ಮುಂದಕ್ಕೆ ಡಿಸ್ಕ್ ಹಾಕಿಸಿಬಿಡಿ" ಎಂದರು. ಫೋರ್ಕ್, ಚಕ್ರದ ನಡುವಿನ ಹಬ್, ಡಿಸ್ಕ್, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್, ಹೋಸ್ ಎಂದು ಲೆಕ್ಕ ಹಾಕಿದಾಗ ನನ್ನ ಹಳೆ 100 ಸಿಸಿ ಬೈಕಿನ ಬೆಲೆಯ ಕಾಲು ಭಾಗ ಅದಕ್ಕೇ ಹೋಗುತ್ತಿತ್ತು. ಇನ್ನೊಂದು ತಲೆನೋವೂ ಉಂಟು. ಕಂಪೆನಿಯಿಂದ ಬಂದ ವಾಹನವನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಬಿಡುವುದಿಲ್ಲ. ನಾಳೆ ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಹುಡುಕುವುದೇ ಇಂಥದ್ದನ್ನು.

ಆ ಭಾನುವಾರ ಮನೆಯಲ್ಲೇ ಚಕ್ರ ಬಿಚ್ಚಿದೆ. ಡ್ರಮ್ಮಿನದ್ದು, ಅಂದರೆ ಚಕ್ರದ ನಡುವಿನ ದುಂಡು ಡಬ್ಬಿಯದ್ದು, ತಪ್ಪೇ ಇರಲಿಲ್ಲ. ಒಳಗಿನಿಂದ ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಶೂ ಸವೆದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಶೂಗಳನ್ನು ಅಗಲಿಸುವ ಕ್ಯಾಮ್ ತುಕ್ಕು ಹಿಡಿದಿತ್ತು, ಕೇಬಲ್ ಅರ್ಧ ಹರಿದಿತ್ತು. ಈ ಮೂರನ್ನು ಸರಿಮಾಡಿದ ಮೇಲೆ ಅದೇ ಬ್ರೇಕ್ ಈಗ ಎರಡು ಬೆರಳಿಗೆ ಹಿಡಿಯುತ್ತದೆ. ಮಾಡಿದ್ದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ.

ಖರ್ಚಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಶೂ ಜೋಡಿಗೆ 270, ಹಿಂದಿನದಕ್ಕೆ 290, ಮುಂದಿನ ಕೇಬಲ್‌ಗೆ 170, ಗ್ರೀಸು ಮತ್ತು ಸ್ಯಾಂಡ್ ಪೇಪರಿಗೆ 80. ಹಿಂದಿನ ಚಕ್ರದ ಕೆಲಸಕ್ಕೆ ಕೊಟ್ಟ ಕೂಲಿ 150. ಒಟ್ಟು 960 ರೂಪಾಯಿ. ಶೂ ಮತ್ತು ಕೇಬಲ್ ಮಾತ್ರ ಕಂಪೆನಿಯ ಅಸಲಿಯೇ ಇರಲಿ. ಇಲ್ಲಿ ಐವತ್ತು ರೂಪಾಯಿ ಉಳಿಸಲು ಹೋಗಬೇಡಿ.

ಬಿಚ್ಚುವ ಮೊದಲು

ಡ್ರಮ್ಮಿನ ಮುಚ್ಚಳದಂತಿರುವ ಬ್ರೇಕ್ ಪ್ಲೇಟಿನ ಹೊರಗೆ, ಕೇಬಲ್ ಸಿಕ್ಕಿಸಿದ ಪಟ್ಟಿಯ ಬುಡದಲ್ಲಿ ಒಂದು ಸಣ್ಣ ಬಾಣದ ಗುರುತು ಇರುತ್ತದೆ. ಬ್ರೇಕನ್ನು ಪೂರ್ತಿ ಒತ್ತಿ ಹಿಡಿದಾಗ ಆ ಬಾಣ ಪ್ಲೇಟಿನ ಮೇಲಿನ ಗುರುತಿಗೆ ಬಂದು ಮುಟ್ಟಿದರೆ ಶೂ ಮುಗಿದಿದೆ ಎಂದರ್ಥ. ಎಷ್ಟೋ ಜನ ವರ್ಷಗಟ್ಟಲೆ ಬೈಕ್ ಓಡಿಸಿದರೂ ಇದನ್ನು ನೋಡಿರುವುದಿಲ್ಲ. ನಾನೂ ನೋಡಿರಲಿಲ್ಲ.

ಬ್ರೇಕ್ ಒತ್ತಿದಾಗ ಆ ಪಟ್ಟಿಗೂ ಕೇಬಲ್ಲಿಗೂ ಇರುವ ಕೋನವನ್ನೂ ನೋಡಿ. ಅದು 90 ಡಿಗ್ರಿಯ ಆಸುಪಾಸು ಇದ್ದರೆ ಕೈಯ ಬಲವೆಲ್ಲ ಶೂಗೆ ಹೋಗುತ್ತದೆ. ಶೂ ಸವೆದಂತೆಲ್ಲ ಪಟ್ಟಿ ಮುಂದೆ ಹೋಗುತ್ತದೆ, ಕೋನ 90 ದಾಟುತ್ತದೆ, ಎಷ್ಟು ಒತ್ತಿದರೂ ಬಲ ಸಾಲುವುದಿಲ್ಲ. ನನ್ನ ಬೈಕಿನಲ್ಲಿ ಹಿಂದೊಮ್ಮೆ ಯಾರೋ ಪಟ್ಟಿಯನ್ನು ಕಳಚಿ, ಅದು ಕೂರುವ ಕ್ಯಾಮಿನ ಹಲ್ಲುಗಳಲ್ಲಿ ಒಂದು ಹಲ್ಲು ಹಿಂದೆ ಸರಿಸಿ ಕೂರಿಸಿದ್ದರು. ಹಾಗೆ ಮಾಡಿದರೆ ಬ್ರೇಕ್ ಟೈಟ್ ಆದಂತೆ ಕಾಣುತ್ತದೆ. ಎರಡು ವಾರ ಖುಷಿ. ಆಮೇಲೆ ಶೂ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ಪೂರ್ತಿ ಹೋಗಿ ಶೂನ ಅಲ್ಯೂಮಿನಿಯಂ ಡ್ರಮ್ಮನ್ನು ಕೊರೆಯಲು ಶುರುಮಾಡುತ್ತದೆ.

ಮುಂದಿನ ಚಕ್ರ

ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ. ಚಕ್ರ ನೆಲದಲ್ಲಿರುವಾಗಲೇ ಆಕ್ಸಲ್ ನಟ್ಟನ್ನು ಸ್ವಲ್ಪ ಸಡಿಲಿಸಿಕೊಳ್ಳಿ, ಎತ್ತಿದ ಮೇಲೆ ಸ್ಪ್ಯಾನರ್ ಹಾಕಿ ಎಳೆದರೆ ಬೈಕೇ ಮಗುಚಬಹುದು. ಆಮೇಲೆ ಎಂಜಿನ್ ಅಡಿಗೆ ಕೆಂಪುಕಲ್ಲು, ಅದರ ಮೇಲೊಂದು ಹಲಗೆ ತುಂಡು ಇಟ್ಟು ಮುಂದಿನ ಚಕ್ರ ಎತ್ತರಿಸಿ. ಕೇಬಲ್ ತುದಿಯ ನಟ್ ಬಿಚ್ಚಿ ಕೇಬಲ್ ಕಳಚಿ, ಸ್ಪೀಡೋಮೀಟರ್ ಕೇಬಲ್ಲನ್ನೂ ಬಿಡಿಸಿ. ಆಕ್ಸಲ್ ಎಳೆದರೆ ಚಕ್ರ ಕೈಗೆ ಬರುತ್ತದೆ. ಬ್ರೇಕ್ ಪ್ಲೇಟು ಡ್ರಮ್ಮಿನಿಂದ ಹಾಗೇ ಎದ್ದು ಬರುತ್ತದೆ.

ಒಳಗಿನ ಕಪ್ಪು ಪುಡಿಯನ್ನು ಬಾಯಿಯಿಂದ ಊದಬೇಡಿ. ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೋಪು ನೀರಿನಲ್ಲಿ ತೊಳೆದು ಬಿಸಿಲಿಗಿಡಿ. ಸೀಮೆಎಣ್ಣೆ, ಡೀಸೆಲ್ ಹತ್ತಿರಕ್ಕೂ ತರಬೇಡಿ. ಎಣ್ಣೆಯ ಪಸೆ ಉಳಿದರೆ ಹೊಸ ಶೂ ಹಾಕಿಯೂ ಪ್ರಯೋಜನವಿಲ್ಲ.

ಡ್ರಮ್ಮಿನ ಒಳಮೈಯನ್ನು ಉಗುರಿನಿಂದ ಮುಟ್ಟಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳಿದ್ದರೆ ಲೇತ್‌ನವರಿಗೆ ತೋರಿಸಬೇಕು. ಸಾಮಾನ್ಯ 130 ಮಿ.ಮೀ. ಡ್ರಮ್ ಆದರೆ ಒಳ ಅಗಲ 131 ಮಿ.ಮೀ.ವರೆಗೆ ಸವೆಯಬಹುದು, ಅದಕ್ಕಿಂತ ಜಾಸ್ತಿಯಾದರೆ ಬದಲಿಸಲೇಬೇಕು. ಈ ಮಿತಿ ಸಾಮಾನ್ಯವಾಗಿ ಹಬ್ಬಿನ ಮೇಲೆಯೇ ಅಚ್ಚಾಗಿರುತ್ತದೆ. ಬರೀ ಹೊಳಪು ಬಂದಿದ್ದರೆ 100 ನಂಬರಿನ ಸ್ಯಾಂಡ್ ಪೇಪರಿನಿಂದ ಅಡ್ಡಡ್ಡ ಉಜ್ಜಿ ಹೊಳಪು ತೆಗೆದರೆ ಸಾಕು.

ಹಳೆ ಶೂ ತೆಗೆಯಲು ಎರಡನ್ನೂ ಪುಸ್ತಕ ಮಡಚುವ ಹಾಗೆ ಒಳಕ್ಕೆ ಮಡಚಿ ಎತ್ತಿ. ಸ್ಪ್ರಿಂಗ್ ಹಾರದ ಹಾಗೆ ಕೈ ಅಡ್ಡ ಹಿಡಿಯಿರಿ. ಹೊಸ ಶೂನ ಲೈನಿಂಗ್ ಸುಮಾರು 4 ಮಿ.ಮೀ. ದಪ್ಪ ಇರುತ್ತದೆ, 2ಕ್ಕೆ ಬಂದರೆ ಆಯುಸ್ಸು ಮುಗಿದಂತೆ. ನನ್ನದು ಒಂದು ತುದಿಯಲ್ಲಿ 1 ಮಿ.ಮೀ. ಕೂಡ ಇರಲಿಲ್ಲ.

ಇನ್ನು ಕ್ಯಾಮ್. ನಮ್ಮ ಕರಾವಳಿಯ ಮಳೆಗೆ ಮೊದಲು ಹಾಳಾಗುವುದು ಇದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ನೀರು ಕುಡಿದು ತುಕ್ಕು ಹಿಡಿಯುತ್ತದೆ. ಆಗ ಲಿವರ್ ಒತ್ತಿದರೆ ಗಟ್ಟಿ, ಬಿಟ್ಟರೆ ವಾಪಸ್ ಬರುವುದಿಲ್ಲ. ಪಟ್ಟಿ ಕಳಚುವ ಮೊದಲು ಅದೂ ಕ್ಯಾಮೂ ಸೇರುವಲ್ಲಿ ಉಳಿಯಿಂದ ಸಣ್ಣ ಚುಕ್ಕಿ ಹಾಕಿಕೊಳ್ಳಿ, ಕೂರಿಸುವಾಗ ಅದೇ ಹಲ್ಲಿಗೆ ಬರಬೇಕು. ಕ್ಯಾಮನ್ನು ಹೊರಗೆ ಎಳೆದು ಸ್ಯಾಂಡ್ ಪೇಪರಿನಿಂದ ತುಕ್ಕು ತೆಗೆದು, ಬಿಸಿ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿ. ದೋಸೆ ಕಾವಲಿಗೆ ಎಣ್ಣೆ ಹಚ್ಚಿದ ಹಾಗೆ, ಅಷ್ಟೇ. ಜಾಸ್ತಿ ಹಾಕಿದರೆ ಬಿಸಿಗೆ ಕರಗಿ ಶೂ ಮೇಲೆ ಇಳಿಯುತ್ತದೆ. ಗ್ರೀಸಿನ ಕೈ ತೊಳೆದ ಮೇಲೆಯೇ ಹೊಸ ಶೂ ಮುಟ್ಟಿ.

ಮರೆಯಬಾರದ ಎರಡು ಕೆಲಸ

ಚಕ್ರ ವಾಪಸ್ ಕೂರಿಸುವಾಗ ಬ್ರೇಕ್ ಪ್ಲೇಟಿನ ಸೀಳಿನೊಳಗೆ ಫೋರ್ಕಿನ ಉಬ್ಬು ಸರಿಯಾಗಿ ಹೊಕ್ಕಿರಲೇಬೇಕು. ಹೊಗದಿದ್ದರೆ ಮೊದಲ ಬ್ರೇಕಿಗೇ ಪ್ಲೇಟು ಚಕ್ರದ ಜೊತೆ ತಿರುಗಿ ಚಕ್ರ ಲಾಕ್ ಆಗುತ್ತದೆ. ಆಮೇಲೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ ಅಲ್ವಾ? ಟಾರ್ಚ್ ಹಾಕಿ ನೋಡಿ, ಬೆರಳಲ್ಲಿ ಮುಟ್ಟಿ ನೋಡಿ.

ಎರಡನೆಯದು ಶೂವನ್ನು ಡ್ರಮ್ಮಿನ ನಡುವಿಗೆ ತರುವುದು. ಆಕ್ಸಲ್ ನಟ್ ಪೂರ್ತಿ ಬಿಗಿಯುವ ಮೊದಲು ಚಕ್ರವನ್ನು ಜೋರಾಗಿ ತಿರುಗಿಸಿ, ಲಿವರ್ ಗಟ್ಟಿಯಾಗಿ ಹಿಡಿದು ನಿಲ್ಲಿಸಿ. ಹಿಡಿದದ್ದನ್ನು ಬಿಡಬೇಡಿ, ಹಾಗೇ ಇರುವಾಗ ಇನ್ನೊಬ್ಬರು ನಟ್ ಬಿಗಿಯಲಿ. ನನ್ನ ಮನೆಯಲ್ಲಿ ಈ ಕೆಲಸಕ್ಕೆ ಮಗ ಸಿಕ್ಕಿದ. ಒಂದು ನಿಮಿಷದ ಕೆಲಸ, ಪುಕ್ಕಟೆ. ಗ್ಯಾರೇಜಿನ ಗಡಿಬಿಡಿಯಲ್ಲಿ ಇದನ್ನು ಮಾಡುವವರು ಕಡಿಮೆ. ಲಿವರ್ ಒತ್ತಿದಾಗ ಬರುವ ಸ್ಪಂಜಿನಂಥ ಮೆತ್ತಗಿನ ಅನುಭವ ಇದರಿಂದಲೇ ಅರ್ಧ ಹೋಗುತ್ತದೆ.

ಕೇಬಲ್

ಉಳಿದರ್ಧ ಮೆತ್ತನೆಗೆ ಕಾರಣ ಹಳೆ ಕೇಬಲ್. ಲಿವರ್ ಹತ್ತಿರದ ತುದಿಯಲ್ಲಿ ಒಂದೇ ಒಂದು ಎಳೆ ಹರಿದಿದ್ದರೂ ಹೊಸದು ಹಾಕಿ. ಹಳೆಯದು ಹೋದ ದಾರಿಯಲ್ಲೇ ಹೊಸದೂ ಹೋಗಬೇಕು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ಎಳೆಯುತ್ತಿಲ್ಲ ಎಂದು ನೋಡಿ.

ಚೆನ್ನಾಗಿಯೇ ಇರುವ ಕೇಬಲ್ ಆದರೆ ಎಣ್ಣೆ ಸಾಕು. ಮಿಲ್ಮಾ ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ, ಒಂದು ಮೂಲೆ ಕತ್ತರಿಸಿ ಕೇಬಲ್ಲಿನ ಮೇಲ್ತುದಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಅದರೊಳಗೆ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ನೇತುಹಾಕಿದರೆ ಬೆಳಿಗ್ಗೆ ಕೆಳತುದಿಯಲ್ಲಿ ಹನಿ ಕಾಣುತ್ತದೆ. ಕೆಳತುದಿ ಡ್ರಮ್ಮಿಗೆ ತಾಗದ ಹಾಗೆ ಇರಲಿ.

ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲು ಇಟ್ಟು ನಟ್ ಹೊಂದಿಸಿ. ಹಿಂದಿನ ಪೆಡಲಿಗೆ 20ರಿಂದ 30. ಸುಮ್ನೆ ಟೈಟ್ ಮಾಡಿದರೆ ಶೂ ಯಾವಾಗಲೂ ಡ್ರಮ್ಮಿಗೆ ಉಜ್ಜಿ ಹಬ್ ಬಿಸಿಯಾಗುತ್ತದೆ, ಮೈಲೇಜೂ ಹೋಗುತ್ತದೆ. 2019ರ ಏಪ್ರಿಲ್‌ನಿಂದೀಚೆಗೆ ಬಂದ 125 ಸಿಸಿಯೊಳಗಿನ ಬೈಕುಗಳಲ್ಲಿ ಹಿಂದಿನ ಪೆಡಲ್ ತುಳಿದರೆ ಮುಂದಿನ ಬ್ರೇಕೂ ಹಿಡಿಯುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಅಂಥ ಬೈಕ್ ಆದರೆ ಕೇಬಲ್ ಹೊಂದಿಸುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ.

ಹಿಂದಿನ ಚಕ್ರವನ್ನೂ ನಾನು ಗ್ಯಾರೇಜಿಗೇ ಕೊಟ್ಟೆ. ಚೈನಿನ ರಗಳೆ ಯಾರಿಗೆ ಬೇಕು. ಕೆಲಸ ಮುಗಿದ ಮೇಲೆ ಬ್ರೇಕ್ ಪ್ಲೇಟನ್ನು ಹಿಡಿದಿಡುವ ಉದ್ದ ಸರಳಿನ ನಟ್ಟಿಗೆ ಪಿನ್ನು ಹಾಕಿದ್ದಾರಾ ಎಂದು ಮಾತ್ರ ಬಗ್ಗಿ ನೋಡಿದೆ. ನೀವೂ ನೋಡಿ.

ಟಯರ್ ಮತ್ತು ಪರೀಕ್ಷೆ

ಟಯರ್ ಬೋಳಾಗಿದ್ದರೆ ಇಷ್ಟೆಲ್ಲ ಮಾಡಿದ್ದು ದಂಡ. ಬ್ರೇಕ್ ನಿಲ್ಲಿಸುವುದು ಚಕ್ರವನ್ನು, ಬೈಕನ್ನು ನಿಲ್ಲಿಸುವುದು ಟಯರ್. ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಹಳತಾಗಿ ಗಟ್ಟಿಯಾದ ರಬ್ಬರ್ ಮಳೆಯಲ್ಲಿ, ಅದರಲ್ಲೂ ಕೆಂಪುಮಣ್ಣು ಹರಿದ ಡಾಂಬರಿನ ಮೇಲೆ, ಸಾಬೂನಿನ ಹಾಗೆ ಜಾರುತ್ತದೆ. ಇದರ ದುಡ್ಡು ನಾನು ಮೇಲೆ ಲೆಕ್ಕಕ್ಕೆ ಹಿಡಿದಿಲ್ಲ. ನನ್ನ ಟಯರ್ ಪುಣ್ಯಕ್ಕೆ ಚೆನ್ನಾಗಿತ್ತು.

ಹೊಸ ಶೂ ಮೊದಲ ದಿನವೇ ಚೆನ್ನಾಗಿ ಹಿಡಿಯುವುದಿಲ್ಲ. ಡ್ರಮ್ಮಿನ ಮೈಗೆ ಒಗ್ಗಿಕೊಳ್ಳಲು ನೂರಿನ್ನೂರು ಕಿಲೋಮೀಟರ್ ಬೇಕು. ಅಲ್ಲಿಯವರೆಗೆ ಮುಂದಿನ ವಾಹನಕ್ಕೆ ದೂರ ಬಿಟ್ಟು ಹೋಗಿ. ಆಮೇಲೆ ಮತ್ತೊಮ್ಮೆ ನಟ್ ಹೊಂದಿಸಿ.

ನಾನು ಬಿಚ್ಚುವ ಮೊದಲೂ, ಒಗ್ಗಿದ ಮೇಲೂ ಶಾಲೆಯ ಖಾಲಿ ಮೈದಾನದ ಪಕ್ಕದ ರಸ್ತೆಯಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆದು, 30 ಕಿ.ಮೀ. ವೇಗದಲ್ಲಿ ಬಂದು ಗೆರೆಯಲ್ಲಿ ಬ್ರೇಕ್ ಹಾಕಿ ನೋಡಿದೆ. ಮೊದಲು ನಿಲ್ಲಲು 13 ಹೆಜ್ಜೆ, ಆಮೇಲೆ 9. ವೇಗ ಎರಡರಷ್ಟಾದರೆ ಈ ದೂರ ನಾಲ್ಕರಷ್ಟಾಗುತ್ತದೆ. ಹಾಗಾಗಿ 60ರಲ್ಲಿ ಆ ನಾಲ್ಕು ಹೆಜ್ಜೆ ಎಂದರೆ ಹದಿನಾರು. ಒಂದು ಬಸ್ಸಿನ ಉದ್ದ.

ಮಳೆಗಾಲದಲ್ಲಿ ನೀರು ನಿಂತ ಜಾಗ ದಾಟಿದ ಮೇಲೆ ಹತ್ತಿಪ್ಪತ್ತು ಮೀಟರ್ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಹೋಗಿ, ಶೂ ಬಿಸಿಯಾಗಿ ಒಣಗುತ್ತದೆ. ಡ್ರಮ್ಮಿಗೆ ಈ ಒಂದು ಉಪಚಾರ ಬೇಕೇ ಬೇಕು.

ಹಿಂದಿನ ಪೆಡಲ್ ಹೊಂದಿಸಿದ ಮೇಲೆ ಬ್ರೇಕ್ ಲೈಟಿನ ಸ್ವಿಚ್ಚೂ ಆಚೀಚೆ ಆಗಿರುತ್ತದೆ. ಕತ್ತಲಾದ ಮೇಲೆ ಬೈಕಿನ ಹಿಂಬದಿಯನ್ನು ಗೋಡೆಗೆ ಮಾಡಿ ನಿಲ್ಲಿಸಿ, ಕೀ ಹಾಕಿ ಪೆಡಲ್ ಒತ್ತಿ. ಗೋಡೆಯ ಮೇಲೆ ಕೆಂಪು ಬೆಳಕು ಬೀಳಬೇಕು. ನನ್ನದರಲ್ಲಿ ಬೀಳಲಿಲ್ಲ. ಸ್ವಿಚ್ಚಿನ ನಟ್ ಎರಡು ಸುತ್ತು ತಿರುಗಿಸಿದೆ, ಬಿತ್ತು.