ಮೈಕ್ ಕೊಳ್ಳುವ ಮೊದಲು ಕೌದಿ ಕಟ್ಟಿ

ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ, ಕೆಳಗೆ ಟೈಲ್ಸ್, ಮೇಲೆ ಕಾಂಕ್ರೀಟ್ ತಾರಸಿ, ಪುಟ್ಟಿ ಬಳಿದ ನುಣುಪು ಗೋಡೆ. ಇಲ್ಲಿ ಕೂತು ಕತೆ ಓದಿ ರೆಕಾರ್ಡ್ ಮಾಡಿದರೆ ದನಿ ಬಾವಿಯೊಳಗಿಂದ ಬಂದಂತಿರುತ್ತದೆ. ದುಬಾರಿ ಮೈಕ್ ತಂದರೆ ಅದೇ ಗುಂಯ್ ಇನ್ನಷ್ಟು ಸ್ಪಷ್ಟವಾಗಿ ದಾಖಲಾಗುತ್ತದೆ, ಅಷ್ಟೆ.

ಮೊದಲು ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ‘ಟ್ರ್‌ರ್’ ಎಂದು ನಡುಗಿದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಪುಟಿಯುತ್ತಿದೆ ಎಂದರ್ಥ. 3 ಮೀಟರ್ ಅಗಲದಲ್ಲಿ ಅದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಗೋಡೆ ಮುಟ್ಟುತ್ತದೆ.

ಕಾಸಿಲ್ಲದ ಪರಿಹಾರ ದೂರ ತಗ್ಗಿಸುವುದು. ಮೈಕ್ ಬಾಯಿಂದ 15 ಸೆಂ.ಮೀ. ಇರಲಿ. ಅಂತರ ಅರ್ಧವಾದಾಗ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಮಾರ್ದನಿ ಇದ್ದಷ್ಟೇ ಇರುತ್ತದೆ. ಆಗ ಗೇನ್ (ಮೈಕ್ ದನಿಯನ್ನು ಹಿಗ್ಗಿಸುವ ಮಟ್ಟ) ಇಳಿಸಿದರೆ ಕೋಣೆಯೂ ಹಿಂದೆ ಸರಿಯುತ್ತದೆ. ಫ, ಭಗಳ ಉಸಿರು ಬಡಿಯದಂತೆ ಮೈಕನ್ನು ಬಾಯಿಯ ಓರೆಗಿಡಿ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ.

ಇನ್ನು ಕೌದಿ. ಬಹಳ ಜನ ಅದನ್ನು ಮೈಕಿನ ಹಿಂದೆ ಕಟ್ಟುತ್ತಾರೆ. ಕಾರ್ಡಿಯಾಯ್ಡ್ (ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ) ಮೈಕ್ ತನ್ನ ಬೆನ್ನ ಕಡೆಯ ಸದ್ದನ್ನು ಕಡಿಮೆ ಕೇಳುತ್ತದೆ; ಅದು ನೋಡುವುದು ನಿಮ್ಮನ್ನು, ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಹಾಗಾಗಿ ಮೊದಲ ಕೌದಿ ನಿಮ್ಮ ಬೆನ್ನಿಗೆ, ಎರಡನೆಯದು ಪಕ್ಕಕ್ಕೆ. ಮಡಚಿ ಎರಡು ಪದರ ಮಾಡಿ, ಗೋಡೆಯಿಂದ 10 ಸೆಂ.ಮೀ. ಬಿಟ್ಟು ಹಗ್ಗಕ್ಕೆ ಇಳಿಬಿಡಿ. ಗೋಡೆಗೆ ಅಂಟಿದಲ್ಲಿ ಗಾಳಿಯ ಕಣಗಳು ಅಲುಗುವುದಿಲ್ಲ; ಅಲುಗುವ ಗಾಳಿಯನ್ನಷ್ಟೇ ನೂಲು ಉಜ್ಜಿ ತಡೆಯಬಲ್ಲದು. 10 ಸೆಂ.ಮೀ. ಬಿಟ್ಟರೆ ಮೇಲಿನಿಂದ ಸುಮಾರು 850 ಹರ್ಟ್ಸ್‌ವರೆಗೆ (ಸೆಕೆಂಡಿಗೆ 850 ಕಂಪನ) ಇಳಿದ ಸದ್ದೂ ಹಿಡಿತಕ್ಕೆ ಬರುತ್ತದೆ. (1895ರಲ್ಲಿ ಹಾರ್ವರ್ಡ್‌ನ ಭೌತವಿಜ್ಞಾನಿ ವ್ಯಾಲೇಸ್ ಸಬೈನ್ ಮಾರ್ದನಿಯ ಲೆಕ್ಕ ಶುರುಮಾಡಿದ್ದೂ ರಂಗಮಂದಿರದ ಕುರ್ಚಿ ಮೆತ್ತೆಗಳನ್ನು ಹೊತ್ತು ತಂದೇ.)

ತೆಳು ಪರದೆ ಮಾತ್ರ ಕಟ್ಟಿದರೆ ಸ, ಶಗಳ ಹೊಳಪು ಸತ್ತು ಕೆಳದನಿಯ ಗುಂಯ್ ಉಳಿಯುತ್ತದೆ. ಅದಕ್ಕೆ ದಪ್ಪವೇ ಬೇಕು: ಮೂಲೆಗಳಲ್ಲಿ ಹತ್ತಿಯ ಹಾಸಿಗೆ ನಿಲ್ಲಿಸಿ, ಇಲ್ಲವೇ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರು) ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿಡಿ. ಸುತ್ತುವಾಗ ಕೈಗವಸು, ಮಾಸ್ಕ್ ಮರೆಯಬೇಡಿ.

ಮೊಟ್ಟೆ ಟ್ರೇ, ಥರ್ಮಾಕೋಲ್ ತಂದರೆ ದಂಡ. ರಾಕ್‌ವೂಲ್ ಬಿಟ್ಟು ಬೇರೆ ಯಾವುದನ್ನೇ ತರುವ ಮೊದಲು ಬಾಯಿಗಿಟ್ಟು ಊದಿ. ಉಸಿರು ತುಸು ತಡೆದು ದಾಟಿದರೆ ಕೆಲಸಕ್ಕೆ ಬರುತ್ತದೆ. ದಾಟದಿದ್ದರೆ ಸದ್ದೂ ತಿರುಗಿ ಬರುತ್ತದೆ.

ಕೊನೆಗೆ ಫ್ಯಾನ್ ನಿಲ್ಲಿಸಿ ಒಂದು ವಾಕ್ಯ ರೆಕಾರ್ಡ್ ಮಾಡಿ, ಇಯರ್‌ಫೋನ್‌ನಲ್ಲಿ ಕಡೆಯ ಪದದ ಬಾಲ ಕೇಳಿ. ಇನ್ನೂ ಎಳೆಯುತ್ತಿದ್ದರೆ ಇನ್ನೊಂದು ಪಕ್ಕದ ಗೋಡೆಗೆ ಮೂರನೇ ಕೌದಿ.