ಬ್ರಿಟನ್ನಿನಲ್ಲಿ ನಿಮ್ಮ ಪಿಂಚಣಿಯನ್ನು ನೀವೇ ನಡೆಸುವುದಾದರೆ: ಸಂಸ್ಥೆಗಳ ಶುಲ್ಕ ಮತ್ತು ಸೇವೆಯನ್ನು ಹೋಲಿಸುವ ಕ್ರಮ

ಬ್ರಿಟನ್ನಿನಲ್ಲಿ ಹತ್ತು ಹದಿನೈದು ವರ್ಷ ದುಡಿದ ಕನ್ನಡಿಗರ ಬಳಿ ಮೂರೋ ನಾಲ್ಕೋ ಪಿಂಚಣಿ ಖಾತೆಗಳಿರುವುದು ಸಾಮಾನ್ಯ. ಕೆಲಸ ಬದಲಿಸಿದಾಗಲೆಲ್ಲ ಹೊಸ ಕಂಪನಿ ತನ್ನ ಯೋಜನೆಗೆ ಸೇರಿಸಿಕೊಳ್ಳುತ್ತದೆ, ಹಳೆಯ ಕಂಪನಿಯಲ್ಲಿ ಕೂಡಿದ ಹಣ ಅಲ್ಲಿಯೇ ಉಳಿಯುತ್ತದೆ, ಅದರ ವಾರ್ಷಿಕ ಲೆಕ್ಕಪತ್ರ ಎಂದೋ ಬಿಟ್ಟ ಬಾಡಿಗೆ ಮನೆಯ ವಿಳಾಸಕ್ಕೆ ಹೋಗುತ್ತಿರುತ್ತದೆ. ಇವನ್ನೆಲ್ಲ ಒಂದೆಡೆ ತಂದು, ಯಾವ ಫಂಡ್, ಯಾವ ಷೇರು ಎಂಬುದನ್ನು ತಾವೇ ನಿರ್ಧರಿಸಬೇಕೆನ್ನುವವರಿಗೆ ಅಲ್ಲಿರುವ ದಾರಿ ಸಿಪ್, ಅಂದರೆ ಸೆಲ್ಫ್ ಇನ್ವೆಸ್ಟೆಡ್ ಪರ್ಸನಲ್ ಪೆನ್ಷನ್. ನಮ್ಮ ಕಡೆ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟುವ ಕಂತಿಗೂ ಸಿಪ್ ಎನ್ನುತ್ತಾರಾದ್ದರಿಂದ ಊರಿನವರೊಡನೆ ಮಾತನಾಡುವಾಗ ಗೊಂದಲವಾಗುವುದುಂಟು; ಎರಡಕ್ಕೂ ಸಂಬಂಧವಿಲ್ಲ.

1989 ರಲ್ಲಿ ಆರಂಭವಾದ ಈ ಪಿಂಚಣಿಯ ತೆರಿಗೆ ನಿಯಮಗಳು ಯಾವ ಸಂಸ್ಥೆಯಲ್ಲಿ ಖಾತೆ ತೆರೆದರೂ ಒಂದೇ. ನೀವು 80 ಪೌಂಡ್ ಕಟ್ಟಿದರೆ ಸರ್ಕಾರದ 20 ಪೌಂಡ್ ಸೇರಿ ಖಾತೆಗೆ 100 ಪೌಂಡ್ ಜಮೆಯಾಗುತ್ತದೆ; ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುವವರು ಉಳಿದ ರಿಯಾಯಿತಿಯನ್ನು ತಾವೇ ಕೇಳಿ ಪಡೆಯಬೇಕು. ಹಣ ತೆಗೆಯಲು ಸಾಮಾನ್ಯವಾಗಿ 55 ವರ್ಷವಾಗಿರಬೇಕು, 2028 ರ ಏಪ್ರಿಲ್ 6 ರಿಂದ ಅದು 57 ಆಗುತ್ತದೆ. ಹೀಗಾಗಿ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವುದು ಮುಖ್ಯವಾಗಿ ಎರಡು ಸಂಗತಿ: ವರ್ಷಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ, ಮತ್ತು ನಿಮಗೆ ಬೇಕಾದ ಹೊತ್ತಿನಲ್ಲಿ ಕೆಲಸ ಮಾಡಿಕೊಡುತ್ತಾರೆಯೇ.

ಯಾವ ಹಣವನ್ನು ಕದಲಿಸಬಾರದು

ಹೋಲಿಕೆಗೆ ಕೂರುವ ಮೊದಲು ಈ ಪ್ರಶ್ನೆ ತೀರ್ಮಾನವಾಗಬೇಕು. ಕೊನೆಯ ಸಂಬಳ ಅಥವಾ ಸರಾಸರಿ ಸಂಬಳದ ಆಧಾರದ ಮೇಲೆ ಜೀವನಪರ್ಯಂತ ನಿಗದಿತ ಮೊತ್ತ ಕೊಡುವ ಯೋಜನೆ ನಿಮ್ಮದಾಗಿದ್ದರೆ ಅದನ್ನು ಮುಟ್ಟದಿರುವುದೇ ಬಹುಪಾಲು ಜನರಿಗೆ ಕ್ಷೇಮ. ಅಂಥ ಯೋಜನೆಯ ವರ್ಗಾವಣೆ ಮೌಲ್ಯ 30,000 ಪೌಂಡಿಗಿಂತ ಹೆಚ್ಚಿದ್ದರೆ ಪರವಾನಗಿ ಪಡೆದ ಸಲಹೆಗಾರರ ಸಲಹೆ ಕಾನೂನುಬದ್ಧವಾಗಿ ಕಡ್ಡಾಯ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಡಿಯುವ ನಮ್ಮ ವೈದ್ಯರು ಮತ್ತು ನರ್ಸುಗಳು ಈ ಗೊಂದಲಕ್ಕೆ ಬೀಳಬೇಕಾಗಿಯೇ ಇಲ್ಲ. 2015 ರಿಂದ ಎನ್‌ಎಚ್‌ಎಸ್ ಪಿಂಚಣಿಯನ್ನು ಸಿಪ್‌ಗೆ ವರ್ಗಾಯಿಸಲು ಅವಕಾಶವಿಲ್ಲ. ಅವರು ಬೇಕಿದ್ದರೆ ಅದರ ಜೊತೆಗೆ ಸಿಪ್ ತೆರೆಯಬಹುದು, ಅದರ ಬದಲಿಗೆ ಅಲ್ಲ.

ಈಗ ಕೆಲಸ ಮಾಡುತ್ತಿರುವ ಕಂಪನಿಯ ಪಿಂಚಣಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಅಲ್ಲಿ ಮಾಲೀಕರು ತಮ್ಮ ಪಾಲನ್ನು ಕಟ್ಟುತ್ತಾರೆ, ನೀವು ಬೇರೇನೂ ಆರಿಸದಿದ್ದರೆ ಹಣ ಹೋಗುವ ಡಿಫಾಲ್ಟ್ ಫಂಡಿನ ಶುಲ್ಕಕ್ಕೆ ವರ್ಷಕ್ಕೆ ಶೇ 0.75 ರ ಮಿತಿ 2015 ರಿಂದ ಜಾರಿಯಲ್ಲಿದೆ. ಮಾಲೀಕರ ಪಾಲನ್ನು ಬಿಟ್ಟುಕೊಟ್ಟು ಶುಲ್ಕದಲ್ಲಿ ಕಾಲು ಪರ್ಸೆಂಟ್ ಉಳಿಸುವುದು ಲಾಭವಲ್ಲ. ಹಳೆಯ ಖಾಸಗಿ ಪಾಲಿಸಿಗಳಲ್ಲಿ ಕೆಲವೊಮ್ಮೆ ಖಾತ್ರಿ ವರ್ಷಾಶನದ (ಕೂಡಿದ ಹಣಕ್ಕೆ ಬದಲಾಗಿ ಜೀವನಪರ್ಯಂತ ಕೊಡುವ ನಿಗದಿತ ಆದಾಯದ) ದರ ಅಡಗಿರುತ್ತದೆ, ಹೊರಬಂದರೆ ಅದು ಮರಳಿ ಸಿಗುವುದಿಲ್ಲ. ಆದ್ದರಿಂದ ಪ್ರತಿ ಹಳೆಯ ಯೋಜನೆಗೂ ಪತ್ರ ಬರೆದು, ಖಾತ್ರಿಗಳೇನಾದರೂ ಇವೆಯೇ, ಹೊರಹೋಗಲು ಶುಲ್ಕವಿದೆಯೇ ಎಂದು ಲಿಖಿತ ಉತ್ತರ ಪಡೆದುಕೊಳ್ಳಿ.

ಪರ್ಸೆಂಟನ್ನು ಪೌಂಡಿಗೆ ಇಳಿಸಿ

ಈಗ ಒಂದು ಹಾಳೆಯಲ್ಲಿ ನಿಮ್ಮ ಲೆಕ್ಕ ಬರೆಯಿರಿ: ವರ್ಗಾಯಿಸುವ ಮೊತ್ತ ಎಷ್ಟು, ತಿಂಗಳಿಗೆ ಎಷ್ಟು ಕಟ್ಟುತ್ತೀರಿ, ಫಂಡುಗಳನ್ನು ಕೊಳ್ಳುತ್ತೀರೋ ಷೇರು ಮತ್ತು ಇಟಿಎಫ್‌ಗಳನ್ನೋ (ಷೇರುಪೇಟೆಯಲ್ಲಿ ಷೇರಿನಂತೆಯೇ ಕೊಂಡು ಮಾರುವ ಫಂಡುಗಳು), ವರ್ಷಕ್ಕೆ ಎಷ್ಟು ಸಲ ಕೊಳ್ಳುವುದು ಮಾರುವುದು ಇರುತ್ತದೆ. ಈ ಹಾಳೆ ಇಲ್ಲದೆ ಯಾವ ಸಂಸ್ಥೆ ಅಗ್ಗ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ನಿಮ್ಮ ಸ್ನೇಹಿತರಿಗೆ ಅಗ್ಗವಾದದ್ದು ನಿಮಗೆ ದುಬಾರಿಯಾಗಬಹುದು.

ಕಾರಣ, ಶುಲ್ಕ ವಿಧಿಸುವ ಪದ್ಧತಿಯೇ ಬೇರೆ ಬೇರೆ. ಹಾರ್ಗ್ರೀವ್ಸ್ ಲ್ಯಾನ್ಸ್‌ಡೌನ್, ಎಜೆ ಬೆಲ್ ಮೊದಲಾದವು ಒಟ್ಟು ಮೊತ್ತದ ಮೇಲೆ ಇಂತಿಷ್ಟು ಪರ್ಸೆಂಟ್ ತೆಗೆದುಕೊಳ್ಳುತ್ತವೆ. ಷೇರು ಮತ್ತು ಇಟಿಎಫ್‌ಗಳಿಗೆ ಮಾತ್ರ ವರ್ಷಕ್ಕೊಂದು ಗರಿಷ್ಠ ಮಿತಿ ಇಟ್ಟಿರುತ್ತವೆ. ಇಂಟರ್‌ಆಕ್ಟಿವ್ ಇನ್ವೆಸ್ಟರ್ ತಿಂಗಳಿಗೆ ನಿಗದಿತ ಮೊತ್ತ ಪಡೆಯುವ ಪದ್ಧತಿಗೆ ಹೆಸರಾದದ್ದು. ದರಗಳು ಆಗಾಗ ಬದಲಾಗುವುದರಿಂದ ಲೆಕ್ಕಕ್ಕೆ ಮೂರು ಕಲ್ಪಿತ ಸಂಸ್ಥೆಗಳನ್ನು ಇಟ್ಟುಕೊಳ್ಳೋಣ. ಮೊದಲನೆಯದು ಶೇ 0.45 ವಿಧಿಸುತ್ತದೆ; ಎರಡನೆಯದು ಶೇ 0.25 ವಿಧಿಸುತ್ತದೆ, ಆದರೆ ಇಟಿಎಫ್‌ಗಳಿಗೆ ವರ್ಷಕ್ಕೆ 120 ಪೌಂಡಿನ ಮಿತಿಯಿದೆ. ಮೂರನೆಯದು ತಿಂಗಳಿಗೆ 13 ಪೌಂಡ್, ಅಂದರೆ ವರ್ಷಕ್ಕೆ 156 ಪೌಂಡ್ ಪಡೆಯುತ್ತದೆ.

ಖಾತೆಯಲ್ಲಿ 20,000 ಪೌಂಡ್ ಇರುವವರಿಗೆ ಇವು ಕ್ರಮವಾಗಿ 90, 50 ಮತ್ತು 156 ಪೌಂಡ್ ಆಗುತ್ತವೆ. ನಿಗದಿತ ಶುಲ್ಕವೇ ಎಲ್ಲಕ್ಕಿಂತ ದುಬಾರಿ. 60,000 ಪೌಂಡ್ ಆದಾಗ ಮೊದಲನೆಯದು 270 ಕ್ಕೆ ಏರುತ್ತದೆ, ಎರಡನೆಯದು ಫಂಡುಗಳಿಗೆ 150, ಮೂರನೆಯದು ಅದೇ 156. ಎರಡೂವರೆ ಲಕ್ಷ ಪೌಂಡ್ ತಲುಪಿದಾಗ ಚಿತ್ರ ಪೂರ್ತಿ ತಿರುಗುತ್ತದೆ: ಮೊದಲನೆಯದಕ್ಕೆ ವರ್ಷಕ್ಕೆ 1,125 ಪೌಂಡ್, ಎರಡನೆಯದಕ್ಕೆ ಫಂಡುಗಳಾದರೆ 625, ಎಲ್ಲವೂ ಇಟಿಎಫ್ ಆದರೆ 120, ಮೂರನೆಯದಕ್ಕೆ ಈಗಲೂ 156. ಮೊದಲನೆಯದಕ್ಕೂ ಮೂರನೆಯದಕ್ಕೂ ಸಮನಾಗುವ ಮೊತ್ತ ಸುಮಾರು 34,700 ಪೌಂಡ್. ಹತ್ತು ವರ್ಷದ ನಂತರ ನಿಮ್ಮ ಖಾತೆ ಎಲ್ಲಿರಬಹುದೆಂದು ಅಂದಾಜಿಸಿ ಇದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ಇಂದು ಆರಿಸುವ ಸಂಸ್ಥೆ ಅಂದಿಗೂ ಹೊಂದಬೇಕು, ಇಲ್ಲವಾದರೆ ಅಂದು ಬದಲಿಸುವ ಸಿದ್ಧತೆ ನಿಮಗಿರಬೇಕು.

ಚಿಕ್ಕ ಖಾತೆಗಳವರು ಕನಿಷ್ಠ ಶುಲ್ಕವನ್ನು ಹುಡುಕಿ ಓದಬೇಕು. ವ್ಯಾನ್‌ಗಾರ್ಡ್ ಸಂಸ್ಥೆಯ ಉದಾಹರಣೆ ಇಲ್ಲಿ ಉಪಯುಕ್ತ. ಅದರ ದರ ಶೇ 0.15 ಎಂದು ಹೆಸರಾಗಿತ್ತು. 2025 ರ ಜನವರಿ ಕೊನೆಯಿಂದ 32,000 ಪೌಂಡಿಗಿಂತ ಕಡಿಮೆ ಇರುವವರಿಗೆ ತಿಂಗಳಿಗೆ 4 ಪೌಂಡ್ ಕನಿಷ್ಠ ಶುಲ್ಕ ಬಂದಿತು. 10,000 ಪೌಂಡ್ ಇಟ್ಟವರಿಗೆ 15 ಪೌಂಡ್ ಇದ್ದದ್ದು 48 ಆಯಿತು, ಅಂದರೆ ಸುಮಾರು ಅರ್ಧ ಪರ್ಸೆಂಟ್. ದೊಡ್ಡ ಖಾತೆಗಳವರಿಗೆ ಅದು ಈ ಬದಲಾವಣೆಯ ನಂತರವೂ ಅಗ್ಗವಾಗಿಯೇ ಉಳಿಯಿತು.

ಮುಖಪುಟದಲ್ಲಿ ಕಾಣದ ಖರ್ಚುಗಳು

ಸಂಸ್ಥೆಯ ಶುಲ್ಕದ ಮೇಲೆ ಫಂಡಿನದೇ ಒಂದು ವಾರ್ಷಿಕ ವೆಚ್ಚವಿರುತ್ತದೆ. ಷೇರು ಅಥವಾ ಇಟಿಎಫ್ ಕೊಳ್ಳುವಾಗ ಪ್ರತಿ ವ್ಯವಹಾರಕ್ಕೆ ಶುಲ್ಕ ಬೇರೆ. ಒಂದು ವ್ಯವಹಾರಕ್ಕೆ 6 ಪೌಂಡ್ ಎಂದಿಟ್ಟುಕೊಂಡರೆ, ಪ್ರತಿ ತಿಂಗಳು ಎರಡು ಇಟಿಎಫ್ ಕೊಳ್ಳುವವರು ವರ್ಷಕ್ಕೆ 144 ಪೌಂಡ್ ಕೊಡುತ್ತಾರೆ. ಮಾಸಿಕ ನಿಯಮಿತ ಹೂಡಿಕೆಗೆ ಉಚಿತ ಅಥವಾ ಕಡಿಮೆ ದರ ಕೊಡುವ ಸಂಸ್ಥೆಯಲ್ಲಿ ಈ ಹಣದ ಬಹುಭಾಗ ಉಳಿಯುತ್ತದೆ. ಬ್ರಿಟಿಷ್ ಕಂಪನಿಗಳ ಷೇರು ಕೊಂಡರೆ, ಯಾವ ಸಂಸ್ಥೆಯಲ್ಲಾದರೂ ಸಾಮಾನ್ಯವಾಗಿ ಶೇ 0.5 ಸ್ಟಾಂಪ್ ಶುಲ್ಕ ಇದೆ. ಅಮೆರಿಕದ ಷೇರುಗಳನ್ನು ಇಷ್ಟಪಡುವವರು ಕರೆನ್ಸಿ ವಿನಿಮಯದ ದರವನ್ನು ಕಡ್ಡಾಯವಾಗಿ ನೋಡಬೇಕು. ಅದು ಶೇ 1 ಇದ್ದರೆ 5,000 ಪೌಂಡಿನ ಖರೀದಿಗೆ 50 ಪೌಂಡ್ ಹೋಗುತ್ತದೆ, ಮಾರಿದಾಗ ಮತ್ತೊಮ್ಮೆ ಹೋಗುತ್ತದೆ.

ಇನ್ನು ಖಾತೆಯಲ್ಲಿ ಹೂಡದೆ ಬಿದ್ದಿರುವ ನಗದು. ಅದರ ಮೇಲೆ ಬ್ಯಾಂಕು ಕೊಡುವ ಬಡ್ಡಿಯಲ್ಲಿ ಒಂದು ಭಾಗವನ್ನು ಸಂಸ್ಥೆಗಳು ತಾವೇ ಇಟ್ಟುಕೊಳ್ಳುವುದುಂಟು. ಬ್ರಿಟನ್ನಿನ ಹಣಕಾಸು ನಿಯಂತ್ರಕ ಎಫ್‌ಸಿಎ 2023 ರಲ್ಲಿ 42 ಸಂಸ್ಥೆಗಳನ್ನು ವಿಚಾರಿಸಿದಾಗ ಶೇ 71 ರಷ್ಟು ಸಂಸ್ಥೆಗಳು ಹೀಗೆ ಮಾಡುತ್ತಿದ್ದವು. ಅವುಗಳಲ್ಲಿ ಶೇ 61 ರಷ್ಟು, ಬಡ್ಡಿಯಲ್ಲಿ ಪಾಲು ಪಡೆದದ್ದಲ್ಲದೆ ಅದೇ ನಗದಿನ ಮೇಲೆ ಶುಲ್ಕವನ್ನೂ ಹಾಕುತ್ತಿದ್ದವು. ಒಂದೇ ಹಣಕ್ಕೆ ಎರಡು ಸಲ ಕೈಹಾಕುವ ಆ ಪದ್ಧತಿಯನ್ನು ನಿಲ್ಲಿಸಬೇಕೆಂದು ನಿಯಂತ್ರಕರು ಆ ವರ್ಷದ ಡಿಸೆಂಬರ್‌ನಲ್ಲಿ ಪತ್ರ ಬರೆದರು. ಪಿಂಚಣಿ ತೆಗೆಯಲು ಆರಂಭಿಸಿದವರು ಒಂದೆರಡು ವರ್ಷದ ಖರ್ಚನ್ನು ನಗದಾಗಿ ಇಡುವುದು ರೂಢಿ, ಆದ್ದರಿಂದ ಬಡ್ಡಿದರದ ಪುಟ ಅವರಿಗೆ ಶುಲ್ಕದ ಪುಟದಷ್ಟೇ ಮುಖ್ಯ.

ಇಷ್ಟು ಸಣ್ಣ ಅಂಕಿಗಳಿಗಾಗಿ ಇಷ್ಟೊಂದು ಶ್ರಮವೇಕೆ ಎನ್ನುವವರು ಈ ಲೆಕ್ಕ ನೋಡಿ. ಖರ್ಚು ಕಳೆದು ವರ್ಷಕ್ಕೆ ಶೇ 5 ರಂತೆ ಬೆಳೆದರೆ 50,000 ಪೌಂಡ್ 20 ವರ್ಷದಲ್ಲಿ ಸುಮಾರು 1,32,700 ಆಗುತ್ತದೆ, ಶೇ 4.5 ರಂತೆ ಬೆಳೆದರೆ ಸುಮಾರು 1,20,600. ಅರ್ಧ ಪರ್ಸೆಂಟ್ ಹೆಚ್ಚು ಕೊಟ್ಟದ್ದಕ್ಕೆ ತೆರುವುದು 12,000 ಪೌಂಡ್.

ಸೇವೆಯನ್ನು ಪರೀಕ್ಷಿಸಿ ನೋಡಿ

ಸೇವೆಯ ಬಗ್ಗೆ ನಾನು ಜಾಹೀರಾತನ್ನಾಗಲಿ, ನಕ್ಷತ್ರದ ಅಂಕಗಳನ್ನಾಗಲಿ ಹೆಚ್ಚು ನಂಬುವುದಿಲ್ಲ. ಖಾತೆ ತೆರೆಯುವುದು ಎಲ್ಲ ಕಡೆ ಹತ್ತು ನಿಮಿಷದ ಕೆಲಸ. ಕಷ್ಟ ಬರುವುದು ಹಣ ತರಿಸುವಾಗ, ಹಣ ತೆಗೆಯುವಾಗ ಮತ್ತು ಖಾತೆದಾರರು ತೀರಿಕೊಂಡಾಗ. ಹಾಗಾಗಿ ಶುಲ್ಕದ ಲೆಕ್ಕದಲ್ಲಿ ಉಳಿದ ಎರಡು ಮೂರು ಸಂಸ್ಥೆಗಳಿಗೆ ಸೋಮವಾರ ಬೆಳಿಗ್ಗೆ ಕರೆ ಮಾಡಿ, ಎಷ್ಟು ಹೊತ್ತಿಗೆ ಮನುಷ್ಯರ ದನಿ ಕೇಳುತ್ತದೆಂದು ನೋಡಿ. ಬಳಿಕ ಒಂದು ಕಠಿಣ ಪ್ರಶ್ನೆಯನ್ನು ಬರಹದಲ್ಲಿ ಕಳುಹಿಸಿ. ಉದಾಹರಣೆಗೆ, ಪಿಂಚಣಿಯಲ್ಲಿ ತೆರಿಗೆಯಿಲ್ಲದೆ ತೆಗೆಯಬಹುದಾದ ಶೇ 25 ರ ಭಾಗವನ್ನು ಒಮ್ಮೆಲೇ ತೆಗೆಯದೆ ಕಂತುಗಳಲ್ಲಿ ತೆಗೆಯಬಹುದೇ, ಪ್ರತಿ ಸಲ ಫೋನು ಮಾಡಬೇಕೇ ಅಥವಾ ಆನ್‌ಲೈನ್‌ನಲ್ಲಿ ಆಗುತ್ತದೆಯೇ, ಅದಕ್ಕೆ ಶುಲ್ಕವಿದೆಯೇ ಎಂದು ಕೇಳಿ. ಉತ್ತರ ಎಷ್ಟು ದಿನಕ್ಕೆ ಬಂತು ಎನ್ನುವುದಕ್ಕಿಂತ, ಕೇಳಿದ್ದಕ್ಕೆ ಉತ್ತರಿಸಿದ್ದಾರೆಯೇ ಎನ್ನುವುದನ್ನು ಗಮನಿಸಿ. ಮೊದಲ ಸಲ ಹಣ ತೆಗೆದಾಗ ತುರ್ತು ತೆರಿಗೆ ಕೋಡ್ (ನಿಮ್ಮ ಸರಿಯಾದ ತೆರಿಗೆ ವಿವರ ಸಿಗುವವರೆಗಿನ ತಾತ್ಕಾಲಿಕ ಲೆಕ್ಕ) ಅನ್ವಯಿಸಿ ಹೆಚ್ಚು ತೆರಿಗೆ ಕಡಿತವಾಗುವುದು ಸಾಮಾನ್ಯ, ಅದನ್ನು ಮರಳಿ ಪಡೆಯುವ ಬಗೆಯನ್ನು ತಿಳಿಸಿಹೇಳುವ ಸಂಸ್ಥೆ ಮುಂದೆಯೂ ಕೈಬಿಡುವುದಿಲ್ಲ ಎಂಬುದು ನನ್ನ ಅನುಭವ.

ನಿವೃತ್ತಿಯಾದ ಮೇಲೆ ಬೆಂಗಳೂರಿಗೋ ಮೈಸೂರಿಗೋ ಮರಳುವ ಯೋಚನೆಯುಳ್ಳವರು ಇನ್ನೂ ನಾಲ್ಕು ಪ್ರಶ್ನೆ ಕೇಳಲೇಬೇಕು. ಭಾರತದ ವಿಳಾಸಕ್ಕೆ ಬದಲಿಸಿದ ಮೇಲೂ ಖಾತೆ ನಡೆಯುತ್ತದೆಯೇ, ಹೊಸ ಹೂಡಿಕೆಗಳನ್ನು ಕೊಳ್ಳಲು ಬಿಡುತ್ತಾರೆಯೇ, ಪಿಂಚಣಿಯನ್ನು ಬ್ರಿಟನ್ನಿನ ಬ್ಯಾಂಕ್ ಖಾತೆಗೆ ಮಾತ್ರ ಹಾಕುತ್ತಾರೆಯೇ, ಲಾಗಿನ್ ಸಂಕೇತ ಭಾರತದ ಮೊಬೈಲ್ ಸಂಖ್ಯೆಗೆ ಬರುತ್ತದೆಯೇ. ಒಂದೊಂದು ಸಂಸ್ಥೆಯ ನಿಯಮ ಒಂದೊಂದು ಬಗೆ. ಊರಿಗೆ ಬಂದು ನೆಲೆಸಿದ ಮೇಲೆ ಇದು ಗೊತ್ತಾದರೆ, ಅಲ್ಲಿಂದ ಸಂಸ್ಥೆ ಬದಲಿಸುವುದು ಬಹಳ ಕಷ್ಟ, ಏಕೆಂದರೆ ಹೊಸ ಸಿಪ್ ತೆರೆಯಲು ಸಾಮಾನ್ಯವಾಗಿ ಬ್ರಿಟನ್ನಿನ ನಿವಾಸಿಯಾಗಿರಬೇಕೆಂದು ಕೇಳುತ್ತಾರೆ.

ಸುರಕ್ಷತೆಯ ವಿಷಯವನ್ನು ಬೇಗ ಮುಗಿಸಬಹುದು. ಸಂಸ್ಥೆಯ ಹೆಸರು ಎಫ್‌ಸಿಎ ನೋಂದಣಿ ಪಟ್ಟಿಯಲ್ಲಿರಬೇಕು. ನಿಮ್ಮ ಹೂಡಿಕೆಗಳನ್ನು ಸಂಸ್ಥೆಯ ಸ್ವಂತ ಆಸ್ತಿಯಿಂದ ಬೇರೆಯಾಗಿ ಇಟ್ಟಿರಬೇಕು. ಸಂಸ್ಥೆ ಮುಳುಗಿ ಹಣ ಕೊರತೆ ಬಿದ್ದರೆ ಹಣಕಾಸು ಸಂಸ್ಥೆಗಳ ಗ್ರಾಹಕರಿಗಾಗಿ ಬ್ರಿಟನ್ನಿನಲ್ಲಿರುವ ಪರಿಹಾರ ಯೋಜನೆಯಿಂದ ಹೂಡಿಕೆಗಳ ಬಾಬ್ತು ಒಬ್ಬರಿಗೆ ಸಿಗುವ ಗರಿಷ್ಠ ಮೊತ್ತ 85,000 ಪೌಂಡ್. ಮಾರುಕಟ್ಟೆ ಇಳಿದು ಆದ ನಷ್ಟಕ್ಕೆ ಏನೂ ಸಿಗುವುದಿಲ್ಲ.

ವರ್ಗಾವಣೆಯ ದಿನಗಳು

ಹೂಡಿಕೆಗಳನ್ನು ಇದ್ದಂತೆಯೇ ಸಾಗಿಸುವುದು ಒಂದು ವಿಧಾನ, ಮಾರಿ ನಗದಾಗಿ ಸಾಗಿಸುವುದು ಇನ್ನೊಂದು. ನಗದಿನ ದಾರಿ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ, ಆದರೆ ಅಷ್ಟು ದಿನ ನಿಮ್ಮ ಹಣ ಮಾರುಕಟ್ಟೆಯ ಹೊರಗಿರುತ್ತದೆ. ನನ್ನದೇ ಒಂದು ಹಳೆಯ ಖಾತೆ ಹೀಗೆ ಒಂಬತ್ತು ವಾರ ನಡುದಾರಿಯಲ್ಲಿ ನಿಂತಿತ್ತು. ಹಳೆಯ ಸಂಸ್ಥೆಯ ದಾಖಲೆಯಲ್ಲಿ ನನ್ನ ಹೆಸರಿನ ಇನಿಷಿಯಲ್ ಮೊದಲು ಬಂದಿತ್ತು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ವಿಸ್ತರಿಸಿ ಕೊನೆಗೆ ಬಂದಿತ್ತು. ದಕ್ಷಿಣ ಭಾರತದ ಹೆಸರಿನವರಿಗೆಲ್ಲ ಈ ತೊಡಕು ಕಾದಿರುತ್ತದೆ. ಅರ್ಜಿ ಹಾಕುವ ಮೊದಲೇ ಎಲ್ಲ ಖಾತೆಗಳಲ್ಲಿ ಹೆಸರು, ವಿಳಾಸ, ಜನ್ಮದಿನಾಂಕ ಮತ್ತು ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಒಂದೇ ರೀತಿ ಇರುವಂತೆ ತಿದ್ದಿಸಿಕೊಳ್ಳಿ.

2021 ರ ನವೆಂಬರ್ 30 ರಿಂದ ವಂಚನೆ ತಡೆಯುವ ಹೊಸ ನಿಯಮಗಳಿವೆ. ವರ್ಗಾವಣೆಯಲ್ಲಿ ಅನುಮಾನದ ಅಂಶ ಕಂಡರೆ ಹಳೆಯ ಸಂಸ್ಥೆ ನಿಮ್ಮನ್ನು ಮನಿಹೆಲ್ಪರ್ ಎಂಬ ಸರ್ಕಾರಿ ಮಾರ್ಗದರ್ಶನ ಸೇವೆಯ ಸಂದರ್ಶನಕ್ಕೆ ಕಳುಹಿಸಬಹುದು. ಅದು ಮುಗಿಯುವವರೆಗೆ ಹಣ ಕದಲುವುದಿಲ್ಲ. ಇದರಲ್ಲಿ ಸಿಟ್ಟಾಗುವಂಥದ್ದೇನಿಲ್ಲ, ಬೇಗ ಸಮಯ ಕಾದಿರಿಸಿ. ವಿಳಂಬಕ್ಕೆ ಕಾರಣ ಸಿಗದಿದ್ದರೆ ಲಿಖಿತ ದೂರು ಕೊಡಿ. ಎಂಟು ವಾರಗಳಲ್ಲಿ ಅಂತಿಮ ಉತ್ತರ ಬಾರದಿದ್ದರೆ ಗ್ರಾಹಕರ ದೂರು ತೀರ್ಮಾನಿಸುವ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಐವತ್ತು ದಾಟಿದವರಿಗೆ ಪೆನ್ಷನ್ ವೈಸ್ ಎಂಬ ಸರ್ಕಾರಿ ಮಾರ್ಗದರ್ಶನವೂ ಉಚಿತ.

ಹಣ ಬಂದು ಸೇರಿದ ದಿನ ಯೂನಿಟ್ಟುಗಳ ಸಂಖ್ಯೆ ಹಳೆಯ ಲೆಕ್ಕಪತ್ರಕ್ಕೆ ಹೊಂದುತ್ತದೆಯೇ ನೋಡಿ. ವರ್ಗಾವಣೆಯ ನಂತರ ಹಳೆಯ ಖಾತೆಗೆ ಬಂದ ಡಿವಿಡೆಂಡುಗಳು ಕೆಲವು ವಾರ ತಡವಾಗಿ ಬರುವುದುಂಟು, ಅವು ಬರುವವರೆಗೆ ಹಳೆಯ ಕಾಗದಪತ್ರಗಳನ್ನು ಎಸೆಯಬೇಡಿ. ಕೊನೆಯದಾಗಿ ನಾಮನಿರ್ದೇಶನದ ಅರ್ಜಿ: ನಿಮ್ಮ ನಂತರ ಹಣ ಯಾರಿಗೆ ಹೋಗಬೇಕೆಂದು ಹಳೆಯ ಯೋಜನೆಯಲ್ಲಿ ಬರೆದುಕೊಟ್ಟದ್ದು ಹಣದೊಂದಿಗೆ ಬರುವುದಿಲ್ಲ. ಹೊಸ ಸಂಸ್ಥೆಯಲ್ಲಿ ಅದನ್ನು ಅದೇ ದಿನ ತುಂಬಿ, ಊರಿನಲ್ಲಿರುವ ತಂದೆತಾಯಿಯ ಹೆಸರನ್ನೂ ಸೇರಿಸುವುದಾದರೆ ಅವರ ಪಾಸ್‌ಪೋರ್ಟಿನಲ್ಲೋ ಆಧಾರ್‌ನಲ್ಲೋ ಇರುವಂತೆಯೇ ಅಕ್ಷರ ಅಕ್ಷರ ನೋಡಿ ಬರೆಯಿರಿ.