ಎಡಿಎಫ್: ಎರಡನೇ ಸಲ ಸೇವ್ ಕೊಟ್ಟರೆ ಜೆಬಿಒ-25014
ವಿಜಯಪುರದ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ಗೆ ಎಡಿಎಫ್‌ನಲ್ಲಿ (ಒರಾಕಲ್‌ನ ಜಾವಾ ಆ್ಯಪ್ ಫ್ರೇಮ್‌ವರ್ಕ್) ಸ್ಟಾಕ್ ಆ್ಯಪ್ ಮಾಡಿದ್ದೆ. ಬಾಕ್ಸ್ ಲೆಕ್ಕ ತಿದ್ದಿ ಸೇವ್ ಕೊಟ್ಟರೆ ಮೊದಲ ಸಲ ಸರಿ, ಅದೇ ಸಾಲನ್ನು ಮತ್ತೆ ತಿದ್ದಿದರೆ ಜೆಬಿಒ-25014 ಎರರ್, ಅಂದರೆ ಬೇರೆ ಯಾರೋ ಈ ಸಾಲು ಬದಲಿಸಿದ್ದಾರೆ ಅಂತ. ಕೂತಿದ್ದವನು ನಾನೊಬ್ಬನೇ!

ಆ್ಯಪ್ ಓಡುವ ವೆಬ್‌ಲಾಜಿಕ್ ಸರ್ವರ್ ರೀಸ್ಟಾರ್ಟ್ ಮಾಡಿದೆ, ಸಾಲಿಗೆ ಯಾವಾಗ ಬೀಗ ಹಾಕಬೇಕು ಅನ್ನುವ ಲಾಕಿಂಗ್ ಮೋಡ್ ಬದಲಿಸಿದೆ. ಸುಮ್ನೆ ಟೈಮ್ ಹೋಯಿತು.

ಬದಲಿಸುತ್ತಿದ್ದದ್ದು ನಾನೇ ಬರೆದ ಡೇಟಾಬೇಸ್ ಟ್ರಿಗರ್, ಅಂದರೆ ಸಾಲು ಬದಲಾದಾಗ ಡೇಟಾಬೇಸ್‌ನಲ್ಲಿ ತಾನಾಗಿ ಓಡುವ ಕೋಡ್. ಪ್ರತಿ ಅಪ್‌ಡೇಟ್‌ಗೂ ಅದು 'ತಿದ್ದಿದ ಸಮಯ' ಕಾಲಂ ತುಂಬುತ್ತದೆ, ಎಡಿಎಫ್ ಹತ್ತಿರ ಹಳೇ ಸಮಯವೇ ಇರುತ್ತದೆ, ಮುಂದಿನ ಸಲ ಹೋಲಿಸಿದಾಗ ತಾಳೆ ಆಗಲ್ಲ ಅಲ್ವಾ.

ಜೆಡೆವಲಪರ್‌ನಲ್ಲಿ (ಎಡಿಎಫ್ ಆ್ಯಪ್ ಬರೆಯುವ ಟೂಲ್) ಆ ಟೇಬಲ್‌ನ ಎಂಟಿಟಿ ಆಬ್ಜೆಕ್ಟ್ (ಎಡಿಎಫ್‌ನಲ್ಲಿ ಟೇಬಲ್‌ನ ಪ್ರತಿರೂಪ) ತೆರೆದು, ಆಟ್ರಿಬ್ಯೂಟ್ಸ್‌ನಲ್ಲಿ ಆ ಕಾಲಂ ಆರಿಸಿ, ರಿಫ್ರೆಶ್ ಆನ್ ಇನ್ಸರ್ಟ್, ರಿಫ್ರೆಶ್ ಆನ್ ಅಪ್‌ಡೇಟ್ ಎರಡಕ್ಕೂ ಟಿಕ್ ಹಾಕಿ. ಆಗ ಟ್ರಿಗರ್ ತುಂಬಿದ ಸಮಯವನ್ನು ಎಡಿಎಫ್ ಸೇವ್ ಜೊತೆಗೇ ಓದಿಕೊಳ್ಳುತ್ತದೆ. ಕ್ವೆರಿ ಇರುವ ವ್ಯೂ ಆಬ್ಜೆಕ್ಟ್‌ನಲ್ಲಿ ಅಲ್ಲ, ಎಂಟಿಟಿಯಲ್ಲೇ. ಟ್ರಿಗರ್ ಮುಟ್ಟುವ ಪ್ರತಿ ಕಾಲಂಗೂ ಹೀಗೇ ಮಾಡಿ. ನಾನು 'ತಿದ್ದಿದವರು' ಕಾಲಂ ಮರೆತು ಇನ್ನೊಂದು ದಿನ ಕಳೆದೆ.